ವಶೀಲಿ ಮಾವನೂ ಸ್ವತಂತ್ರ ಪರಿಶೀಲನೆಯೂ

ವಶೀಲಿ ಇಲ್ಲದೆ ಈ ಲೋಕದಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಾಡುವುದಿಲ್ಲ ಎಂಬುದು ಮಾವನ ಸಿದ್ಧಾಂತ. ಗಾಳಿ ಬೀಸಿದರೆ ಅಲುಗಾಡುತ್ತದಲ್ಲ ಎಂದು ಯಾರಾದರೂ ತಕರಾರು ತೆಗೆದರೆ, "ಗಾಳಿಗೆ ಯಾರು ಹೇಳಿ ಕಳಿಸಿದ್ರು ಅಂತ ವಿಚಾರಿಸಿದೀಯಾ?" ಎಂದು ಮರುಪ್ರಶ್ನೆ ಹಾಕುತ್ತಿದ್ದರು. ಅದಕ್ಕೆ ಉತ್ತರ ಕೊಡುವವರು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮಾವ ಸರ್ವೀಸು ಪೂರ್ತಿ ದೊಡ್ಡ ಸರ್ಕಾರಿ ಕಚೇರಿಯೊಂದರಲ್ಲಿ ಕಳೆದವರು. ಮಂತ್ರಿಗಳು, ಕಾರ್ಯದರ್ಶಿಗಳು, ಕಮಿಷನರುಗಳು ಎಲ್ಲರೂ ಅವರ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತವರೇ. "ಎಂತೆಂಥವರನ್ನ ಮೇಲಕ್ಕೆತ್ತಿದೀನಿ ನಾನು!" ಎಂದು ಅವರು ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎತ್ತಿದ್ದು ಲಿಫ್ಟು ಎಂಬುದನ್ನು ಮಾತ್ರ ಅವರು ಹೇಳುತ್ತಿರಲಿಲ್ಲ. ಕಚೇರಿಯಲ್ಲಿ ಏನಾಗಿದ್ದಿರಿ ಎಂದು ಕೇಳಿದವರಿಗೆ "ಎಲ್ಲಾ ಮಹಡಿಗಳನ್ನೂ ನಾನೇ ನೋಡ್ಕೋತಿದ್ದೆ" ಎನ್ನುತ್ತಿದ್ದರು. ಬೀದಿಯವರು ಅವರನ್ನು ಎದುರಿಗೆ ಮಾವ ಎಂದೂ ಬೆನ್ನ ಹಿಂದೆ ವಶೀಲಿ ಮಾವ ಎಂದೂ ಕರೆಯುತ್ತಿದ್ದರು. ಬೆನ್ನ ಹಿಂದಿನದು ಒಂದು ದಿನ ಕಿವಿಗೆ ಬಿದ್ದಾಗ ಮಾವ ಬಿರುದು ಸಿಕ್ಕವರಂತೆ ಮೀಸೆ ಸವರಿಕೊಂಡರು. ಅಂದಿನಿಂದ ಎದುರಿಗೂ ಅದೇ ಹೆಸರು.

ಇಂಥ ಮಾವನ ಹೆಂಡತಿಗೆ, ಅಂದರೆ ಬೀದಿಗೆಲ್ಲ ಅತ್ತೆಯಾದವರಿಗೆ, ಊಟವಾದ ಮೇಲೆ ಬಲ ಪಕ್ಕೆಯ ಕೆಳಗೆ ಹಿಂಡಿದಂತೆ ನೋವು ಬರಲು ಶುರುವಾಯಿತು. ಮೊದಮೊದಲು ಗಾಳಿ ಎಂದರು, ಆಮೇಲೆ ವಯಸ್ಸು ಎಂದರು. ಕೊನೆಗೆ ಅತ್ತೆಯೇ, "ನೋಡಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ಸಾಲಲ್ಲಿ ನಿಂತು ತೋರಿಸಿಬಿಡೋಣ" ಎಂದರು.

"ಸಾಲಲ್ಲಾ? ನನ್ನ ಹೆಂಡ್ತಿ ಸಾಲಲ್ಲಾ?" ಮಾವ ಬೆಚ್ಚಿಬಿದ್ದರು. "ಅಲ್ಲಿ ನಂಗೆ ಗೊತ್ತಿರೋರು ಇದಾರೆ ಕಣೇ."

"ಯಾರು?"

"ಇರ್ತಾರೆ."

ಆ ಆಸ್ಪತ್ರೆಯ ಸಾಲನ್ನು ಬಲ್ಲವರಿಗೆ ಮಾವನ ಭಯ ಅರ್ಥವಾಗುತ್ತದೆ. ಬೆಳಕು ಹರಿಯುವ ಮುಂಚೆಯೇ ಜನ ಬಂದು ತಮ್ಮ ಚೀಲ, ಛತ್ರಿ, ನೀರಿನ ಬಾಟಲಿಗಳನ್ನು ಸಾಲಿನಲ್ಲಿಟ್ಟು ಮರದ ಕೆಳಗೆ ಮಲಗಿಬಿಡುತ್ತಿದ್ದರು. ಹೊಸದಾಗಿ ಬಂದವರಿಗೆ ಆಸ್ಪತ್ರೆಗೆ ಛತ್ರಿಗಳು ತೋರಿಸಿಕೊಳ್ಳಲು ಬಂದಿವೆಯೇನೋ ಅನ್ನಿಸುತ್ತಿತ್ತು. ಬಾಗಿಲ ಕಾವಲುಗಾರನ ಶಬ್ದಕೋಶದಲ್ಲಿ "ಹೂಂ" ಎಂಬ ಒಂದೇ ಪದವಿತ್ತು. ಅದೂ ಮನಸ್ಸು ಚೆನ್ನಾಗಿದ್ದ ದಿನ.

ಆದರೆ ಮಾವ ಅತ್ತೆಯನ್ನು ಕರೆದುಕೊಂಡು ಹೊರಡುವ ಹೊತ್ತಿಗೆ ಅಲ್ಲೊಂದು ಸಂಗತಿ ನಡೆದುಹೋಗಿತ್ತು. ಸರ್ಕಾರ ತನ್ನ ಆಸ್ಪತ್ರೆಗಳು ಹೇಗೆ ನಡೆಯುತ್ತಿವೆ ಎಂದು ತಿಳಿಯಲು ಸ್ವತಂತ್ರ ಪರಿಶೀಲನೆಗೆ ಆಜ್ಞೆ ಮಾಡಿತ್ತು. ಪರಿಶೀಲಕರು ಹೊರಗಿನವರು, ಯಾರ ಹಂಗಿನಲ್ಲೂ ಇಲ್ಲದವರು. ರೋಗಿಯ ವೇಷದಲ್ಲೋ ರೋಗಿಯ ಸಂಬಂಧಿಕರ ವೇಷದಲ್ಲೋ ಬರುತ್ತಾರೆ. ಯಾವಾಗ ಬರುತ್ತಾರೆಂದು ಹೇಳುವುದಿಲ್ಲ. ಈ ಸುದ್ದಿ ಕೇಳಿ ಸೂಪರಿಂಟೆಂಡೆಂಟ್ ಡಾಕ್ಟರು ಸಿಬ್ಬಂದಿಯನ್ನೆಲ್ಲ ಕರೆದು ಒಂದೇ ಮಾತು ಹೇಳಿದ್ದರು: "ಯಾವ ಹುತ್ತದಲ್ಲಿ ಯಾವ ಹಾವಿದೆಯೋ ಗೊತ್ತಿಲ್ಲ. ಕೆಮ್ಮಿದವರೆಲ್ಲ ಪರಿಶೀಲಕರು ಅಂತ್ಲೇ ತಿಳ್ಕೊಳ್ಳಿ. ಕೆಮ್ಮದೇ ಇರೋರ ಮೇಲೆ ಇನ್ನೂ ಜಾಸ್ತಿ ಅನುಮಾನ ಇರ್ಲಿ."

ಇದ್ಯಾವುದೂ ಮಾವನಿಗೆ ಗೊತ್ತಿರಲಿಲ್ಲ. ಅವರು ಕಾವಲುಗಾರನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, "ನಾನು ಯಾರು ಅಂತ ಗೊತ್ತಾ?" ಎಂದರು.

ಕಾವಲುಗಾರ ದಿಗ್ಗನೆ ಎದ್ದು ನಿಂತ. "ಗೊತ್ತಿಲ್ಲ ಸಾರ್. ಗೊತ್ತಾಗೋದೂ ಬೇಡ ಸಾರ್. ಒಳಗೆ ದಯಮಾಡ್ಸಿ."

ಮಾವ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದರು. ಒಳಗೆ ಕುರ್ಚಿ ಬಂತು, ಕುರ್ಚಿಯ ಹಿಂದೆ ಕುಡಿಯಲು ನೀರು ಬಂತು, ನೀರಿನ ಹಿಂದೆ ನಗುತ್ತಾ ನರ್ಸು ಬಂದಳು. ಸ್ಕ್ಯಾನಿಂಗ್ ಕೋಣೆಯವನು ಹೊಟ್ಟೆಗೆ ಹಚ್ಚುವ ಜೆಲ್ಲು ತಣ್ಣಗಿರುತ್ತದೆ ಎಂದು ಮುಂಚೆಯೇ ಕ್ಷಮೆ ಕೇಳಿದ. ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಆಗಬೇಕು ಎಂದು ಸರ್ಜನ್ನು ಚಿತ್ರ ಬರೆದು ವಿವರಿಸಿ, "ಬರೋ ಸೋಮವಾರ ಅಡ್ಮಿಟ್ ಆಗ್ತೀರಾ ತಾಯಿ?" ಎಂದು ಮನೆಗೆ ಕರೆಯುವವರಂತೆ ಕೇಳಿದರು.

ಅತ್ತೆ ಹೂಂ ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಮಾವನ ಸಿದ್ಧಾಂತ ಅಡ್ಡ ಬಂತು. ಕೊಟ್ಟ ತಾರೀಖಿಗೆ ಬರುವವನು ಸಾಮಾನ್ಯ ಮನುಷ್ಯ. ತಾರೀಖನ್ನು ತಾನೇ ಕೊಡುವವನು ವಶೀಲಿ ಇರುವವನು. "ಸೋಮವಾರ ಬೇಡ ಬಿಡಿ ಡಾಕ್ಟ್ರೇ" ಎಂದರು ಮಾವ, ಕಾಲ ಮೇಲೆ ಕಾಲು ಹಾಕಿ. "ಪಾಪ, ಬೇರೆ ಬಡವರಿಗೆ ಮಾಡಿ. ನಮ್ಮದೇನು, ಅನುಕೂಲ ಆದಾಗ ಹೇಳಿ ಕಳಿಸ್ತೀನಿ."

ಸರ್ಜನ್ನು, ಇವರೇ ಪರಿಶೀಲಕರು, ಇದು ತಮ್ಮ ಪ್ರಾಮಾಣಿಕತೆಯ ಪರೀಕ್ಷೆ ಎಂದು ಭಾವಿಸಿ, "ತಮ್ಮ ಇಷ್ಟದಂತೆ" ಎಂದು ಕೈಮುಗಿದರು. ಮನೆಯ ಬಾಗಿಲಲ್ಲಿ ಅತ್ತೆ, "ಕಲ್ಲು ಇರೋದು ನನ್ನ ಹೊಟ್ಟೇಲಿ. ಅನುಕೂಲ ನೋಡೋರು ನೀವು" ಎಂದು ಒಳಗೆ ಹೋದರು. ಹಿತ್ತಲ ಗಿಡ ಮದ್ದಲ್ಲ ಎಂದು ಮಾವ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು.

ಸುದ್ದಿ ಬೀದಿಗೆ ಹಬ್ಬಿತು. ಮೊದಲು ಬಂದವನು ಎದುರು ಅಂಗಡಿಯ ಟೈಲರು, ಅವನಿಗೆ ಹಲ್ಲುನೋವು. "ಹೋಗು. ವಶೀಲಿ ಮಾವ ಕಳಿಸಿದ್ರು ಅನ್ನು" ಎಂದರು ಮಾವ. ಟೈಲರು ಹಾಗೇ ಅಂದ. ಈ ವಶೀಲಿ ಮಾವ ಯಾರೆಂದು ಆಸ್ಪತ್ರೆಯಲ್ಲಿ ಯಾರಿಗೂ ತಿಳಿಯಲಿಲ್ಲ, ಆದರೆ ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಹಲ್ಲು ಕಿತ್ತ ಡಾಕ್ಟರು ಅದನ್ನು ತೊಳೆದು ಹತ್ತಿಯಲ್ಲಿ ಸುತ್ತಿ, "ತಮ್ಮ ವಸ್ತು" ಎಂದು ಟೈಲರಿನ ಕೈಗಿತ್ತರು. ಟೈಲರು ಅದನ್ನು ಅಂಗಡಿಯ ಗಾಜಿನ ಬೀರುವಿನಲ್ಲಿ ಗುಂಡಿಗಳ ಪಕ್ಕದಲ್ಲಿಟ್ಟು ಬಂದವರಿಗೆಲ್ಲ ತೋರಿಸಿದ. ಮಂಡಿನೋವಿನ ಟೀಚರಮ್ಮ ಹೋದರು. ಅವರನ್ನು ಗಾಲಿಕುರ್ಚಿಯಲ್ಲಿ ಗೇಟಿನವರೆಗೆ ಬೀಳ್ಕೊಟ್ಟರು. ಬೆನ್ನಿನ ಕುರು, ಕಣ್ಣಿನ ಪೊರೆ, ಯಾವುದೋ ಕಾಲದ ಬಿಕ್ಕಳಿಕೆ ಎಲ್ಲವೂ ಮಾವನ ಜಗಲಿ ಹತ್ತಿ ಆಸ್ಪತ್ರೆಗೆ ಇಳಿದವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಆದರೆ ಕೊಂಬೆ ಮುರಿಯುತ್ತಿರುವುದು ತನ್ನ ತೂಕಕ್ಕೇ ಎಂದು ಕಾಗೆಗೆ ಸಂಪೂರ್ಣ ಭರವಸೆಯಿತ್ತು.

ನಂಬದೆ ಉಳಿದವನು ಅತ್ತೆಯ ತಮ್ಮ ಒಬ್ಬನೇ. ಅವನು ಕಿವಿ ಸೋರುತ್ತಿದೆ ಎಂದು ಹೋಗಿ ಬಂದು ಜಗಲಿಯಲ್ಲಿ ಎಲ್ಲರೆದುರಿಗೇ ಹೇಳಿದ: "ಭಾವ, ನಾನು ನಿಮ್ಮ ಹೆಸರು ಎತ್ತಲೇ ಇಲ್ಲ. ಆದ್ರೂ ನಂಗೆ ತಲೆದಿಂಬು ಕೊಟ್ರು. ಕಿವಿ ನೋಡೋಕೆ ತಲೆದಿಂಬು ಯಾಕೆ ಭಾವ? ಅಲ್ಲೇನೋ ಮಸಲತ್ತು ನಡೀತಿದೆ."

ಮಾವ ಮರುಕದಿಂದ ನಕ್ಕರು. "ನೀನು ಹೇಳ್ದೆ ಇದ್ರೇನಪ್ಪಾ? ಮುಖ ಅಕ್ಕನ ಥರಾನೇ ಇದೆ. ಗುರುತು ಹಿಡಿದಿದಾರೆ."

ಬೀದಿ ಹೌದುಹೌದೆಂದಿತು. ಒಳಗೆ ಅತ್ತೆ ಪಕ್ಕೆ ಹಿಡಿದುಕೊಂಡು, "ರೀ, ನನ್ನ ತಾರೀಖು ಯಾವಾಗ ಹೇಳ್ತೀರಿ?" ಎಂದು ಕೇಳುತ್ತಲೇ ಇದ್ದರು. ಮಾವ "ಇವತ್ತು ಹೇಳಿದ್ರೆ ನಾಳೆ" ಎನ್ನುತ್ತಲೇ ಇದ್ದರು. ಹೇಳಲು ಮಾತ್ರ ಬಿಡುವಾಗಲಿಲ್ಲ. ಜಗಲಿಯಲ್ಲಿ ಜನ.

ಆಮೇಲಾಮೇಲೆ ಮಾವ ತಮ್ಮವರನ್ನೆಲ್ಲ ಸರಿಯಾಗಿ ನೋಡಿಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ವಿಚಾರಿಸಲು ದಿನಾ ಆಸ್ಪತ್ರೆಗೆ ಹೋಗಿ ಬೆಂಚಿನ ಮೇಲೆ ಕೂರತೊಡಗಿದರು. ಒಂದು ದಿನ ಪಕ್ಕದಲ್ಲಿ ಕಾಲಿಗೆ ದಪ್ಪ ಪಟ್ಟಿ ಸುತ್ತಿಕೊಂಡ ಹೆಂಗಸೊಬ್ಬರು ಕೂತಿದ್ದರು. ಕನ್ನಡಕ, ಮಡಿಲಲ್ಲಿ ಚೀಲ, ಸಾಧು ಮುಖ.

"ಇಲ್ಲಿ ಚೆನ್ನಾಗಿ ನೋಡ್ತಾರಾ?" ಎಂದು ಆಕೆ ಕೇಳಿದರು.

"ನೋಡದೇ ಏನು? ನಾನು ಹೇಳಿದೀನಲ್ಲ."

"ಓಹೋ. ನೀವು ಹೇಳಿದ್ರೆ ನೋಡ್ತಾರಾ?"

"ತಾಯೀ, ನಂದೊಂದು ಮಾತಿಲ್ದೆ ಇಲ್ಲಿ ಸೂಜೀಗೆ ದಾರ ಹೋಗಲ್ಲ. ವಶೀಲಿ ಮಾವ ಅಂದ್ರೆ ಸಾಕು. ಸೂಪರಿಂಟೆಂಡೆಂಟು ಎದ್ದು ನಿಲ್ತಾರೆ."

"ನೀವು ಗೊತ್ತಿಲ್ದೇ ಇರೋ ಬಡಪಾಯಿಗಳು?"

ಮಾವ ಎರಡೂ ಕೈಯನ್ನು ಆಕಾಶಕ್ಕೆತ್ತಿದರು. "ಅವರ ಪಾಡು ಆ ಭಗವಂತನಿಗೇ ಗೊತ್ತು. ನಿಮ್ಮ ಕಾಲಿಗೆ ನಾನೇ ಹೇಳಿಸ್ಲಾ?"

"ದೊಡ್ಡ ಉಪಕಾರ ಆಗುತ್ತೆ" ಎಂದರು ಆಕೆ, ಕನ್ನಡಕ ಸರಿಮಾಡಿಕೊಂಡು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಪರಿಶೀಲನೆ ಮುಗಿಯಿತು. ವರದಿಯನ್ನು ಟೀಚರಮ್ಮ ಟೈಲರ್ ಅಂಗಡಿಯಲ್ಲಿ ಪೇಪರಿನಿಂದ ಗಟ್ಟಿಯಾಗಿ ಓದಿದರು. ಸ್ವಚ್ಛತೆ, ಅತ್ಯುತ್ತಮ. ಸೌಜನ್ಯ, ಅತ್ಯುತ್ತಮ, ಹಲ್ಲನ್ನು ಸಹ ಗೌರವದಿಂದ ಹಿಂತಿರುಗಿಸುತ್ತಾರೆ. ಸಮಾನತೆ, ಸೊನ್ನೆ. "ಈ ಆಸ್ಪತ್ರೆಯ ಸಕಲ ಸೇವೆಗಳೂ ವಶೀಲಿ ಮಾವ ಎಂಬ ಖಾಸಗಿ ವ್ಯಕ್ತಿಯೊಬ್ಬರ ಹಿಡಿತದಲ್ಲಿರುವುದು ಕಂಡುಬಂದಿದೆ. ಅವರ ಪರಿಚಯವಿಲ್ಲದವರ ಪಾಡನ್ನು ಭಗವಂತನಿಗೆ ವಹಿಸಲಾಗಿದೆ. ಈ ಬಗ್ಗೆ ಸ್ಪಷ್ಟನೆ ದೊರೆಯುವವರೆಗೆ ಹೊಸ ಆಪರೇಷನ್ ವಾರ್ಡಿನ ಮಂಜೂರಾತಿಯನ್ನು ತಡೆಹಿಡಿಯತಕ್ಕದ್ದು."

ಟೈಲರು ಹೆಮ್ಮೆಯಿಂದ, "ನೋಡಿದ್ರಾ? ಸರ್ಕಾರವೇ ಒಪ್ಕೊಂಡ್ಬಿಟ್ಟಿದೆ!" ಎಂದ. ಮಾವನಿಗೂ ಎದೆ ಉಬ್ಬಿತು. ಆದರೆ ಉಬ್ಬಿದ ಎದೆಯೊಳಗೆಲ್ಲೋ ಪುಕ್ಕಲು ಸದ್ದೊಂದು ಕೇಳಿಸಿತು.

ಅದೇ ದಿನ ಮಧ್ಯಾಹ್ನ ಅತ್ತೆಗೆ ನೋವು ಬಂತು. ಈ ಸಲ ಹಿಂಡಿ ಬಿಡುವ ನೋವಲ್ಲ. ಹಿಂಡಿ ಹಿಡಿದೇ ಇಟ್ಟ ನೋವು. ಅವರು ಅಡುಗೆಮನೆಯ ಗೋಡೆಗೆ ಒರಗಿ ಕುಸಿದರು. ಮುಖ ಬೆವೆತು, ಬಾಯಿಯಿಂದ ಮಾತು ಹೊರಡಲಿಲ್ಲ. ಅಷ್ಟು ವರ್ಷದ ಸಂಸಾರದಲ್ಲಿ ಅತ್ತೆಗೆ ಮಾತು ಹೊರಡದ್ದನ್ನು ಮಾವ ನೋಡಿಯೇ ಇರಲಿಲ್ಲ. ಭಾವಮೈದುನ ಗಾಡಿ ತಂದ. ಟೈಲರು, ಟೀಚರಮ್ಮ, ಉಪಕಾರ ಉಂಡ ಅರ್ಧ ಬೀದಿ ಹಿಂದಿನಿಂದ ಓಡಿತು.

ಆಸ್ಪತ್ರೆಯ ಗೇಟಿನಲ್ಲಿ ಛತ್ರಿ, ಚೀಲಗಳ ಸಾಲು ಮತ್ತೆ ಹುಟ್ಟಿತ್ತು. ಗೇಟಿನ ಮೇಲೆ ಬಣ್ಣ ಆರದ ಬೋರ್ಡು: ವಶೀಲಿ ಮಾವ ಎಂಬವರ ಹೆಸರು ಹೇಳುವವರನ್ನು ಸಾಲಿನ ಕೊನೆಗೆ ಕಳುಹಿಸಲಾಗುವುದು.

ಕಾವಲುಗಾರ ಕೂತಲ್ಲಿಂದಲೇ ಕೇಳಿದ. "ಯಾರ ಕಡೆಯೋರು?"

ಮಾವ ಬೋರ್ಡು ನೋಡಿದರು, ಹೆಂಡತಿಯ ಮುಖ ನೋಡಿದರು. ಜೀವಮಾನದಲ್ಲಿ ಎಂದೂ ಆಡದ ಮಾತೊಂದು ಅವರ ಬಾಯಿಂದ ಬಂತು. "ಯಾರ ಕಡೆಯೋರೂ ಅಲ್ಲಪ್ಪ. ನಂಗೆ ಇಲ್ಲಿ ಯಾರೂ ಗೊತ್ತಿಲ್ಲ."

"ಹೂಂ" ಎಂದು ಕಾವಲುಗಾರ ದಾರಿ ಬಿಡುವುದರಲ್ಲಿದ್ದ. ಅಷ್ಟರಲ್ಲಿ ಹಿಂದಿನಿಂದ ಟೈಲರು ಗಂಟಲು ಹರಿಯುವಂತೆ ಕೂಗಿದ: "ಸರೀರಿ ಸರೀರಿ! ದಾರಿ ಬಿಡಿ! ವಶೀಲಿ ಮಾವ ಬಂದಿದಾರೆ!"

ಇಡೀ ಸಾಲು ತಿರುಗಿತು. ಮರದ ಕೆಳಗೆ ಮಲಗಿದ್ದವರು ಎದ್ದು ಕೂತರು. ಒಳಗಿನಿಂದ ಸೂಪರಿಂಟೆಂಡೆಂಟ್ ಡಾಕ್ಟರು ಓಡಿಬಂದರು. ಅವರ ಹಿಂದೆ ನಿಧಾನವಾಗಿ, ಸ್ಪಷ್ಟನೆ ಪಡೆಯಲೆಂದು ಅಂದೇ ಬಂದಿದ್ದ ಪರಿಶೀಲಕಿ. ಕನ್ನಡಕ, ಕೈಯಲ್ಲಿ ಚೀಲ. ಕಾಲಿಗೆ ಪಟ್ಟಿ ಇರಲಿಲ್ಲ.

ಮಾವ ಆಕೆಯ ಕಾಲನ್ನೇ ನೋಡಿದರು. "ನಿಮ್ಮ ಕಾಲು..."

"ವಾಸಿಯಾಯ್ತು. ನಿಮ್ಮ ದಯೆ" ಎಂದರು ಆಕೆ.

"ಅಮ್ಮಾ, ಅವತ್ತು ಹೇಳಿದ್ದೆಲ್ಲ ಸುಳ್ಳು! ನಂಗೆ ಯಾವ ವಶೀಲೀನೂ ಇಲ್ಲ. ನನ್ನ ಹೆಂಡ್ತೀನ ಕೊನೇಗೆ ಕಳಿಸ್ಬೇಡಿ, ಅವಳಿಗೆ ತಡ್ಕೊಳ್ಳೋಕೆ ಆಗ್ತಿಲ್ಲ."

"ಮಾವನ ಮಾತು ನಂಬ್ಬೇಡಿ ಮೇಡಂ!" ಟೈಲರು ಮುಂದೆ ನುಗ್ಗಿದ. "ವಿನಯಕ್ಕೆ ಹಾಗಂತಿದಾರೆ. ಇವರ ಹೆಸರು ಹೇಳಿದ್ದಕ್ಕೆ ನನ್ನ ಹಲ್ಲಿಗೆ ಸ್ನಾನ ಮಾಡ್ಸಿ ಕೊಟ್ರು!"

"ನನ್ನನ್ನ ಗೇಟಿನವರೆಗೆ ತಳ್ಕೊಂಡ್ ಬಂದ್ರು" ಎಂದರು ಟೀಚರಮ್ಮ, ತರಗತಿಗೆ ಕೇಳಿಸುವ ದನಿಯಲ್ಲಿ. "ಇಂಥ ಪ್ರಭಾವಿಗಳು ಊರಿಗೊಬ್ಬರು ಇರ್ಬೇಕು."

"ಇಲ್ಲ, ನಾನು ಪ್ರಭಾವಿ ಅಲ್ಲ!"

"ದೊಡ್ಡವರು ಹಾಗೇ ಹೇಳೋದು!" ಎಂದಿತು ಬೀದಿ ಒಕ್ಕೊರಲಿನಿಂದ. ಮಾವ ಒಂದು ಸಲ ಅಲ್ಲವೆಂದರೆ ಅವರು ಹತ್ತು ಸಲ ಹೌದೆಂದರು. ಇಂಥ ನಿಷ್ಠಾವಂತರನ್ನು ಪಡೆದವನಿಗೆ ಶತ್ರುಗಳ ಅಗತ್ಯ ಬೀಳುವುದಿಲ್ಲ.

ಸೂಪರಿಂಟೆಂಡೆಂಟರಿಗೆ ಹೊಸ ವಾರ್ಡು ಕಣ್ಣೆದುರಿಗೇ ಕೈಬಿಟ್ಟು ಹೋಗುವುದು ಕಾಣಿಸಿತು. "ಮೇಡಂ, ಈ ಮನುಷ್ಯನ್ನ ನಾವು ನೋಡೇ ಇಲ್ಲ! ಇವರೊಬ್ಬರಿಗೆ ಅಂತ ಏನೂ ಮಾಡಿಲ್ಲ! ಆಗ ಎಲ್ಲರಿಗೂ ಹಾಗೇ ಮಾಡ್ತಿದ್ವಿ! ಯಾರು ಪರಿಶೀಲಕರು ಅಂತ ನಮಗೆ ಗೊತ್ತಿರ್ಲಿಲ್ವಲ್ಲ!"

ಹೇಳಿದ ಮೇಲೆ ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಪರಿಶೀಲಕಿ ಸಾವಕಾಶವಾಗಿ ಚೀಲದಿಂದ ಪೆನ್ನು ತೆಗೆದರು. "ಭಾವ, ತಲೆದಿಂಬು!" ಎಂದು ಭಾವಮೈದುನ ಮಾವನ ಕಿವಿಯಲ್ಲಿ ಪಿಸುಗುಟ್ಟಿದ. ಮಾವನಿಗೆ ಈಗ ಎಲ್ಲವೂ ಅರ್ಥವಾಯಿತು. ಆದರೆ ಬೇಸರಪಡಲು ಪುರುಸೊತ್ತು ಇರಲಿಲ್ಲ.

"ಕೇಳಿ ಅಮ್ಮಾ, ಇಲ್ಲಿರೋ ಯಾರನ್ನಾದ್ರೂ ಕೇಳಿ, ನನ್ನ ಗುರುತಿದೆಯಾ ಅಂತ!"

ಕೇಳಿದರು. ಕಾವಲುಗಾರ ತಲೆಯಾಡಿಸಿದ. ಸರ್ಜನ್ನು ಎರಡೂ ಕಡೆಯಿಂದ ನೋಡಿ ಇಲ್ಲವೆಂದರು. ದಿನಾ ಟೀ ಕೊಡುತ್ತಿದ್ದ ಕ್ಯಾಂಟೀನಿನವನು ಕೂಡ, "ಬೆಂಚಿನ ಮೇಲೆ ಯಾರೋ ಒಬ್ರು ಕೂರ್ತಿದ್ರು. ಇವರೇ ಅಂತ ಹೇಳೋಕಾಗಲ್ಲ" ಎಂದ. ಈ ಕೊನೆಯದು ಮಾವನಿಗೆ ಸ್ವಲ್ಪ ನಾಟಿತು.

ಆಗ ನರ್ಸು ತಂದು ಕೂರಿಸಿದ್ದ ಗಾಲಿಕುರ್ಚಿಯಿಂದ ಅತ್ತೆಯ ದನಿ ಬಂತು. ನೋವಿನ ಎರಡು ಅಲೆಗಳ ನಡುವೆ ಸಿಕ್ಕ ಬಿಡುವಿನಲ್ಲಿ ಅವರು ಹಲ್ಲು ಕಚ್ಚಿಕೊಂಡು ಹೇಳಿದರು: "ಇವರಿಗೆ ವಶೀಲಿನಾ? ಲಿಫ್ಟಲ್ಲಿ ಗುಂಡಿ ಒತ್ತುತಿದ್ರಮ್ಮ ಇವರು. ಕಚೇರಿಯೋರೆಲ್ಲ ಗೊತ್ತು ಅಂತಾರೆ. ಒಬ್ಬರೂ ಇವರ ಮುಖ ನೋಡಿಲ್ಲ, ಎಲ್ಲರೂ ಮಹಡಿ ನಂಬರು ನೋಡ್ಕೊಂಡು ನಿಂತೋರೇ. ನಮ್ಮ ಮನೆ ಮುಂದಿನ ದೀಪ ಉರೀದೆ ಎಷ್ಟು ಕಾಲ ಆಯ್ತು, ಇವರು ಹೇಳಿಸ್ತೀನಿ ಅಂತ್ಲೇ ಇದಾರೆ. ನನ್ನ ತಮ್ಮನ ಮದುವೇಲಿ ಇವರಿಗೆ ಎರಡನೇ ಸಲ ಪಾಯಸ ಬಡಿಸ್ಲಿಲ್ಲ. ನಮ್ಮ ಮನೆ ಬೆಕ್ಕು ಇವರು ಕರೆದ್ರೆ ಬರಲ್ಲ ತಾಯಿ. ಇನ್ನು ಸೂಪರಿಂಟೆಂಡೆಂಟು ಬರ್ತಾರಾ?"

ಬೀದಿಗೆ ಬೀದಿಯೇ ಮಾವನನ್ನು ಹೊಸದಾಗಿ ನೋಡಿತು. ಪರಿಶೀಲಕಿ ತುಟಿ ಬಿಗಿಹಿಡಿದು ನಗು ತಡೆದುಕೊಂಡರು. ಮಾವ ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡು, "ಹೌದಮ್ಮಾ, ಅವಳು ಹೇಳ್ತಿರೋದು ಅಕ್ಷರಶಃ ನಿಜ. ಬೆಕ್ಕೂ ನಿಜ" ಎಂದರು.

ಅಷ್ಟರಲ್ಲಿ ಅತ್ತೆಯ ಹಣೆ ಮುಟ್ಟಿ, ಹೊಟ್ಟೆ ಒತ್ತಿ ನೋಡಿದ್ದ ನರ್ಸು ಗಾಲಿಕುರ್ಚಿಯನ್ನು ತಿರುಗಿಸಿಯಾಗಿತ್ತು. "ಇವರಿಗೆ ಜ್ವರ ಏರ್ತಿದೆ. ನಾನು ಒಳಗೆ ಕರ್ಕೊಂಡ್ ಹೋಗ್ತಿದೀನಿ. ಯಾರ ಹೆಂಡ್ತಿ ಅಂತ ನೀವೆಲ್ಲ ನಿಧಾನಕ್ಕೆ ತೀರ್ಮಾನ ಮಾಡ್ಕೊಳ್ಳಿ."

ಬಾಗಿಲು ಮುಚ್ಚಿಕೊಂಡಿತು. ಹೋಗುವ ಮುಂಚೆ ಅತ್ತೆ ತಮ್ಮ ಕನ್ನಡಕ ತೆಗೆದು ಮಾವನ ಕೈಗಿಟ್ಟಿದ್ದರು. ಮಾವ ಅದೇ ಬೆಂಚಿನ ಮೇಲೆ, ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಸೋಮವಾರ ಒಪ್ಪಿಕೊಂಡಿದ್ದರೆ ಇಷ್ಟು ಹೊತ್ತಿಗೆ ಅವಳು ಮನೆಯಲ್ಲಿ ನನ್ನನ್ನು ಬೈಯುತ್ತಾ ಇರುತ್ತಿದ್ದಳು ಎಂದು ಅವರಿಗೆ ಅನ್ನಿಸಿತು. ಆ ಇಡೀ ಕಟ್ಟಡದಲ್ಲಿ ಅವರಿಗೆ ಗೊತ್ತಿರುವವರು ಒಬ್ಬರೇ ಒಬ್ಬರು. ಆ ಒಬ್ಬರು ಬಾಗಿಲ ಆ ಕಡೆ ಮಲಗಿದ್ದರು.

ಸಂಜೆ ಸರ್ಜನ್ನು ಹೊರಗೆ ಬಂದು, "ಪಿತ್ತಕೋಶ ಬಾತ್ಕೊಂಡಿತ್ತು. ಇನ್ನು ತಡ ಮಾಡಿದ್ರೆ ಕಷ್ಟ ಆಗ್ತಿತ್ತು. ತೆಗೆದಾಯ್ತು, ಈಗ ಹೆದರಿಕೆ ಇಲ್ಲ" ಎಂದರು. ಮಾವ ಎದ್ದು ಕೈಮುಗಿದರು. ನಾನು ಯಾರು ಗೊತ್ತಾ ಎಂದು ಕೇಳಲಿಲ್ಲ. ಒಳಗೆ ಹೋದಾಗ ಅತ್ತೆ ಅರೆಗಣ್ಣು ತೆರೆದು, "ಬೆಕ್ಕಿಗೆ ಹಾಲು ಹಾಕಿದ್ರಾ?" ಎಂದರು. ಮಾವನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಅತ್ತೆ ಮನೆಗೆ ಬಂದು ಓಡಾಡುವಂತಾದ ಮೇಲೆ ತಿದ್ದಿದ ವರದಿ ಪ್ರಕಟವಾಯಿತು. ಟೀಚರಮ್ಮ ಈ ಸಲ ಮಾವನ ಜಗಲಿಯಲ್ಲೇ ನಿಂತು ಓದಿದರು. "ಆಸ್ಪತ್ರೆಯಲ್ಲಿ ಎಲ್ಲರನ್ನೂ ಸಮಾನವಾಗಿ ಕಾಯಿಸಲಾಗುತ್ತದೆ. ಪರಿಶೀಲಕರು ಇರಬಹುದೆಂಬ ಅನುಮಾನ ಇದ್ದಾಗ ಸೇವೆ ಅತ್ಯುತ್ತಮ. ಆದ್ದರಿಂದ ಆ ಅನುಮಾನವನ್ನು ಖಾಯಂಗೊಳಿಸಲು, ಪರಿಶೀಲನೆ ಎಂದೂ ಮುಗಿದಿಲ್ಲವೆಂದು ತಿಳಿಯತಕ್ಕದ್ದು. ಹೊಸ ವಾರ್ಡಿಗೆ ಅನುಮತಿ ನೀಡಬಹುದು. ವಶೀಲಿ ಮಾವ ಎಂಬವರಿಗೆ ಇಲ್ಲಿ ಯಾವ ಪ್ರಭಾವವೂ ಇಲ್ಲ, ಹಿಂದೆಯೂ ಇರಲಿಲ್ಲ, ಅವರನ್ನು ಯಾರೂ ಗುರುತಿಸಲಿಲ್ಲ ಎಂದು ಕೂಲಂಕಷ ವಿಚಾರಣೆಯ ನಂತರ ದೃಢೀಕರಿಸಲಾಗಿದೆ."

ಯಾರೂ ಮಾವನ ಮುಖ ನೋಡಲಿಲ್ಲ. ಟೈಲರು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ. ಒಳಗೆ ಅತ್ತೆಗೂ, ನಾನು ಸ್ವಲ್ಪ ಹೆಚ್ಚಾಗಿ ಆಡಿಬಿಟ್ಟೆನೇನೋ ಎಂದು ಮೊದಲ ಸಲ ಅನ್ನಿಸಿತು.

ಮಾವ ಪೇಪರನ್ನು ಇಸಿದುಕೊಂಡರು. ತಮ್ಮ ಹೆಸರಿದ್ದ ಸಾಲನ್ನು ಇನ್ನೊಮ್ಮೆ ಓದಿದರು. ನಿಧಾನವಾಗಿ ಕಾಲ ಮೇಲೆ ಕಾಲು ಹಾಕಿದರು.

"ಏನಯ್ಯಾ ಟೈಲರೂ, ಇದೇನು ಹುಡುಗಾಟ ಅಂದ್ಕೊಂಡ್ಯಾ?" ಎಂದರು ಮೀಸೆ ಸವರಿಕೊಂಡು. "ಒಬ್ಬ ಮನುಷ್ಯನಿಗೆ ವಶೀಲಿ ಇಲ್ಲ ಅಂತ ಸರ್ಕಾರದ ಕೈಲಿ ಅಚ್ಚು ಹಾಕಿಸಬೇಕಾದ್ರೆ, ಅವನಿಗೆ ಎಂಥಾ ವಶೀಲಿ ಇರ್ಬೇಕು ಗೊತ್ತಾ?"